ಹಿಂತಿರುಗಿಸಿದ ಉಪ್ಪು

ನಮ್ಮೂರಲ್ಲಿ ದಪ್ಪಗಿರುವವರನ್ನು ಕಂಡರೆ ಯಾರೂ ನಗುವುದಿಲ್ಲ. ಎಷ್ಟು ಹೆಸರು ಹಿಡಿದಿದ್ದೀಯಮ್ಮ ಎಂದು ಕೇಳುತ್ತಾರೆ. ನಾನು ನಾಲ್ಕು ಹಿಡಿದಿದ್ದೆ. ಮದುವೆ ಮನೆಗೆ ಹೋದರೆ ನನಗೆಂದೇ ಕೈಗಳಿಲ್ಲದ ಅಗಲ ಕುರ್ಚಿ ತಂದು ಹಾಕುತ್ತಿದ್ದರು, ಎದುರಿಗೆ ಬಂದವರು ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು. ಆಟೋದವರು ಮಾತ್ರ ನನ್ನನ್ನು ಕಂಡ ಕೂಡಲೇ ಬೇರೆ ಕಡೆ ನೋಡುತ್ತಿದ್ದರು. ಮರ್ಯಾದೆ ಬೇರೆ, ಆಟೋದ ಸ್ಪ್ರಿಂಗು ಬೇರೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಹೆಸರು ಹಿಡಿಯುವುದೆಂದರೆ ದೊಡ್ಡ ವ್ರತವೇನೂ ಅಲ್ಲ. ಉಣ್ಣಲಾಗದವರು ನಿಮ್ಮ ಅಂಗೈಗೆ ಒಂದು ಚಿಟಿಕೆ ಉಪ್ಪು ಹಾಕುತ್ತಾರೆ. ಆಮೇಲೆ ನೀವು ಅವರ ಹೆಸರು ಹೇಳಿ ಮೊದಲ ತುತ್ತು ಎತ್ತಿದರೆ ಅವರ ಹೊಟ್ಟೆ ತುಂಬುತ್ತದೆ, ಅವರ ಕೈಕಾಲಿಗೆ ಕಸುವು ಬರುತ್ತದೆ. ಬೇರೆ ಊರುಗಳಲ್ಲಿ ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಅನ್ನುತ್ತಾರಂತೆ. ನಮ್ಮಲ್ಲಿ ಜಗಳವಾಗುವುದು ವಾಪಸ್ ಕೊಟ್ಟಾಗ. ಸಾಮಾನ್ಯವಾಗಿ ಬಾಣಂತಿಗೋ ಜ್ವರ ಬಂದ ಮಗುವಿಗೋ ನಾಲ್ಕು ದಿನದ ಮಟ್ಟಿಗೆ ಹೆಸರು ಹಿಡಿಯುತ್ತಾರೆ, ವಾಸಿಯಾದ ಮೇಲೆ ಎಲೆ ಅಡಿಕೆಯ ಜೊತೆ ಉಪ್ಪು ಹಿಂತಿರುಗಿಸುತ್ತಾರೆ, ಮುಗಿಯಿತು. ಬೇಡ ಅನ್ನಲು ಬಾಯಿ ಬಾರದ ನನ್ನಂಥವರ ಕೈಯಲ್ಲಿ ಮಾತ್ರ ಉಪ್ಪು ಉಳಿದುಬಿಡುತ್ತದೆ. ಒಂದೇ ಒಂದು ಹೆಸರು ಕೈಯಲ್ಲಿದ್ದರೂ ನೀವು ಉಂಡದ್ದೆಲ್ಲ ಅವರಿಗೇ ಹೋಗುತ್ತದೆ. ಹಿಡಿದವರಿಗೆ ಉಳಿಯುವುದು ಬರೀ ಮೈ.

ನನಗೆ ಬಸ್ ನಿಲ್ದಾಣದ ಹಿಂದೆ ಒಂದು ಹೊಲಿಗೆ ಅಂಗಡಿ ಇದೆ. ಅಳತೆ ಕೊಡಲು ಬಂದವರು ಹಾಗೇ ಉಪ್ಪನ್ನೂ ಕೊಟ್ಟು ಹೋಗುತ್ತಿದ್ದರು. ತನುಜಾ ಎಂಬ ಹುಡುಗಿ ಮದುವೆ ಗೊತ್ತಾಗುವವರೆಗೆ ಸೊಂಟ ಸಣ್ಣಗಿರಲಿ ಎಂದು ಕೊಟ್ಟಳು. ಮದುವೆಯಾಗಿ ಎರಡು ಮಕ್ಕಳಾದರೂ ಉಪ್ಪು ಕೇಳಿ ಪಡೆಯಲು ಬರಲಿಲ್ಲ. ಲೆಕ್ಕದ ಮೇಷ್ಟ್ರು ವರದಯ್ಯನವರಿಗೆ ಅಗಿಯುವುದು ಹೊತ್ತು ಹಾಳು ಎಂಬ ಅಭಿಪ್ರಾಯ. ನಾಗಸ್ವರದ ಸಿದ್ದಯ್ಯನಿಗೆ ಉಂಡರೆ ಉಸಿರು ಕಟ್ಟುತ್ತಿತ್ತಂತೆ. ನನಗೆ ಉಸಿರು ಕಟ್ಟುವುದರ ಬಗ್ಗೆ ಆತ ಯೋಚಿಸಿದವನಲ್ಲ. ಈ ಮೂರೂ ನನ್ನ ದಾಕ್ಷಿಣ್ಯದ ಹೆಸರುಗಳು. ನಾಲ್ಕನೆಯದು ನಾನೇ ಬೇಡಿ ಪಡೆದದ್ದು, ನನ್ನ ಅತ್ತೆ ಕೆಂಪಾಜಮ್ಮನವರದು.

ಅತ್ತೆಗೆ ಇಬ್ಬರು ಗಂಡುಮಕ್ಕಳು. ದೊಡ್ಡವರು ನನ್ನ ಗಂಡ ದಾಸೇಗೌಡರು, ಚಿಕ್ಕವನು ಬೋರೇಶ. ಬೋರೇಶ ಒಂದು ಮಧ್ಯಾಹ್ನ ಉಣ್ಣುತ್ತ ಕೂತಿದ್ದಾಗ, ದುಡಿಯದೆ ಎಷ್ಟು ದಿನ ಹೀಗೆ ಉಣ್ಣುತ್ತೀಯೋ ಎಂದು ಅತ್ತೆ ಬೈದರು. ಎಲ್ಲ ತಾಯಂದಿರೂ ಬೈಯುವಂತೆಯೇ ಬೈದರು. ಅವನು ತಟ್ಟೆ ಸರಿಸಿ ಎದ್ದು ಹೋದ. ಸಂಜೆ ಲಾರಿ ಗುದ್ದಿದ ಸುದ್ದಿ ಬಂತು. ಆವತ್ತಿನಿಂದ ಅತ್ತೆ ಬಾಯಿಗೆ ಅಗುಳು ಮುಟ್ಟಿಸಲಿಲ್ಲ. ಅತ್ತರು, ಬಿದ್ದರು, ನೆಂಟರೆಲ್ಲ ಬಂದು ಹೇಳಿ ಸೋತರು. ಕಡೆಗೆ ನಾನು ಅವರ ಹಾಸಿಗೆಯ ಪಕ್ಕ ಅಂಗೈ ಚಾಚಿಕೊಂಡು ಕೂತೆ. ಉಣ್ಣಬೇಡಿ, ಉಪ್ಪನ್ನಾದರೂ ಕೊಡಿ ಎಂದೆ. ಮರುದಿನ ಬೆಳಿಗ್ಗೆ ಕೊಟ್ಟರು. ಹನ್ನೆರಡು ವರ್ಷ ಅವರು ನನ್ನ ಬಾಯಿಂದಲೇ ಬದುಕಿದರು. ನಾನು ಮುದ್ದೆ ನುಂಗುವಾಗ ಅವರು ಗೋಡೆಗೆ ಒರಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂರುತ್ತಿದ್ದರು. ಸಾಕಾದಾಗ ಕೈ ತೆಗೆಯುತ್ತಿದ್ದರು. ನಾನು ಅದನ್ನು ನೋಡಿ ತಟ್ಟೆ ಬಿಟ್ಟು ಏಳುತ್ತಿದ್ದೆ. 

ನಾಲ್ಕು ಜನರ ಊಟ ಒಬ್ಬಳ ಮೇಲೆ ಬಿದ್ದರೆ ಏನಾಗಬೇಕೋ ಅದೇ ಆಯಿತು. ಮೊಣಕಾಲು ಹೋಯಿತು, ಸಕ್ಕರೆ ಕಾಯಿಲೆ ಬಂತು, ಅಂಗಡಿಯ ಮೂರು ಮೆಟ್ಟಿಲು ಹತ್ತಿದರೆ ಮಿಷನ್ನಿನ ಮೇಲೆ ತಲೆಯಿಟ್ಟು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ನಿದ್ದೆಯಲ್ಲಿ ನನ್ನ ಉಸಿರು ನಿಂತು ನಿಂತು ಹೋಗುತ್ತದೆಂದು ನನ್ನ ಗಂಡ ಕೂತೇ ತೂಕಡಿಸುತ್ತಿದ್ದರು, ಒಂದು ಕೈ ನನ್ನ ಮೂಗಿನ ಮುಂದೆ ಹಿಡಿದುಕೊಂಡು. ಅವರಿಗೂ ನಿದ್ದೆಯಿಲ್ಲದೆ ಕಣ್ಣು ಗುಳಿ ಬಿದ್ದಿತ್ತು. ಕಡೆಗೆ ಅವರೇ ನನ್ನನ್ನು ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋದರು.

ಡಾಕ್ಟರ್ ಪ್ರಫುಲ್ಲಾ ಬಿಪಿ ನೋಡುವ ಮೊದಲೇ ಯಾರ್ಯಾರಿಗೆ ಉಣ್ಣುತ್ತೀರಿ ಎಂದು ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ನೇರವಾಗಿ ಹೇಳಿದರು, ಹೀಗೇ ಮುಂದುವರಿದರೆ ಹೃದಯ ತಡೆಯುವುದಿಲ್ಲ, ಪಥ್ಯದ ಕಾಲ ಮುಗಿದಿದೆ, ಆಪರೇಷನ್ ಮಾಡಬೇಕು ಎಂದು. ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ತೆಗೆದುಬಿಡುತ್ತಾರಂತೆ, ಒಂದು ಬಾಳೆಕಾಯಿಯಷ್ಟು ಮಾತ್ರ ಉಳಿಸಿ ಅಂಚಿಗೆ ಪಿನ್ನು ಹೊಡೆಯುತ್ತಾರಂತೆ. ನಾನು ದೊಗಳೆ ಬ್ಲೌಸಿಗೆ ಹೊಲಿಗೆ ಹಿಡಿಯುವ ಹಾಗೆ ಎಂದುಕೊಂಡು ಸಮಾಧಾನ ಮಾಡಿಕೊಂಡೆ. ಆದರೆ ಬ್ಲೌಸಿನ ಹೊಲಿಗೆಯನ್ನು ಬಿಚ್ಚಬಹುದು, ಇದನ್ನು ಬಿಚ್ಚಲು ಬರುವುದಿಲ್ಲ. ಆಮೇಲೆ ಜೀವಮಾನವಿಡೀ ಒಂದು ಸಣ್ಣ ಬಟ್ಟಲಿನಷ್ಟೇ ಊಟ. ಹಾಗಾಗಿ ಆಪರೇಷನ್ನಿಗೆ ಮೊದಲು ಎಲ್ಲ ಹೆಸರುಗಳನ್ನೂ ಹಿಂತಿರುಗಿಸಲೇಬೇಕು, ಒಂದು ಉಳಿದರೂ ನಾನು ಚಾಕು ಹಿಡಿಯುವುದಿಲ್ಲ ಎಂದರು ಡಾಕ್ಟರ್.

ನನಗೆ ಕತ್ತಿಯ ಭಯ ಅಷ್ಟಿರಲಿಲ್ಲ. ಬಟ್ಟಲಿನಷ್ಟು ಗಂಜಿಯಲ್ಲಿ ಅತ್ತೆಯನ್ನು ಬದುಕಿಸುವುದು ಹೇಗೆ ಎಂಬುದೇ ಭಯ. ನಾನು ಉಳಿಯಬೇಕಾದರೆ ಅವರು ಉಣ್ಣಬೇಕು. ಅವರು ಉಣ್ಣುವುದಿಲ್ಲ. ವಾರಗಟ್ಟಲೆ ಇದೇ ಲೆಕ್ಕವನ್ನು ತಿರುಗಿಸಿ ಮುರುಗಿಸಿ ಹಾಕಿದೆ, ಉತ್ತರ ಬದಲಾಗಲಿಲ್ಲ. ನನ್ನ ಗಂಡ ತಾವೇ ತಾಯಿಯ ಹೆಸರು ಹಿಡಿಯುತ್ತೇನೆಂದು ಅಂಗೈ ಚಾಚಿದರು. ಅತ್ತೆ ಮುಖ ತಿರುಗಿಸಿದರು. ಒಬ್ಬ ಮಗನನ್ನು ತಟ್ಟೆಯಿಂದ ಎಬ್ಬಿಸಿದವಳು ಇನ್ನೊಬ್ಬನ ತಟ್ಟೆಯಲ್ಲಿ ಪಾಲು ಕೇಳುವುದಿಲ್ಲ ಎಂದಷ್ಟೇ ಹೇಳಿದರು. ಆಪರೇಷನ್ ಬೇಡವೆನ್ನಲು ನಾನು ಆಸ್ಪತ್ರೆಗೆ ಹೊರಟ ದಿನ ಬಾಗಿಲಲ್ಲಿ ಅಡ್ಡ ನಿಂತವರೂ ಅವರೇ.

"ನನ್ನ ಮುಖ ನೋಡ್ಬೇಡ ಕಣವ್ವ. ನಂದು ಆಗಿಹೋದ ಬದುಕು. ನೀನು ಹೋಗಿ ಕುಯ್ಸ್ಕೊಂಡು ಬಾ," ಎಂದರು.

"ನೀವು ಉಣ್ತೀನಿ ಅನ್ನಿ, ಹೋಗ್ತೀನಿ."

ಅತ್ತೆ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ನಿಂತರು. ನನಗೆ ಕೆಟ್ಟ ಸಿಟ್ಟು ಬಂತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವರ ಮೇಲೆ ಕೂಗಾಡಿದೆ. ಸಾಯುವ ಹಕ್ಕು ನಿಮಗೊಬ್ಬರಿಗೇ ಇದೆಯೇ, ನನ್ನನ್ನು ಕೊಂದ ಪಾಪವನ್ನು ನೀವು ಹೊತ್ತುಕೊಳ್ಳುತ್ತೀರೋ ನಿಮ್ಮನ್ನು ಕೊಂದದ್ದನ್ನು ನಾನು ಹೊತ್ತುಕೊಳ್ಳಲೋ ಎಂದು ಕೇಳಿದೆ. ಅವರು ಕೇಳಿಸಿಕೊಂಡು ಒಳಗೆ ಹೋದರು. ನಾನು ಅತ್ತು ಮುಖ ತೊಳೆದುಕೊಂಡು ಆಸ್ಪತ್ರೆಗೆ ಹೋಗಿ ತಾರೀಖು ಗೊತ್ತುಮಾಡಿಕೊಂಡು ಬಂದೆ. ಧೈರ್ಯದಿಂದಲ್ಲ, ಸಿಟ್ಟಿನಲ್ಲಿ. ಒಳ್ಳೆಯ ತೀರ್ಮಾನಗಳು ನನಗೆ ಹಾಗೇ ಆಗುವುದು.

ಮೊದಲ ಮೂರು ಹೆಸರುಗಳನ್ನು ಹಿಂತಿರುಗಿಸಲು ಮನೆಮನೆಗೆ ಹೋದೆ. ತನುಜಾ ಅತ್ತಳು, ಆಮೇಲೆ ಯಾರಾದರೂ ಬೇರೆಯವರ ಹೆಸರು ಹೇಳಿ ಅಕ್ಕ ಎಂದಳು. ಹೇಳಲಿಲ್ಲ. ವರದಯ್ಯ ಮೇಷ್ಟ್ರು ಮುನ್ಸೂಚನೆಯಿಲ್ಲದೆ ಹೀಗೆ ಮಾಡುವುದು ಸರಿಯಲ್ಲವೆಂದು ವಾದಿಸಿದರು. ಮಾತಿನ ಮಧ್ಯೆ ಅವರ ಹೆಂಡತಿ ಅಡುಗೆಮನೆಯಿಂದ ಬಂದು ಗಂಡನ ಕೈ ಹಿಡಿದು ಅಂಗೈ ಬಿಡಿಸಿ ಉಪ್ಪು ಹಾಕಿಸಿದರು. ಮದುವೆಯಾಗಿ ಇಪ್ಪತ್ತು ವರ್ಷ ಆಕೆಯ ಅಡುಗೆಯನ್ನು ಮೇಷ್ಟ್ರು ರುಚಿ ನೋಡಿರಲಿಲ್ಲ. ಸಿದ್ದಯ್ಯ ಮಾತ್ರ ನಕ್ಕು ಉಪ್ಪು ತೆಗೆದುಕೊಂಡ, ಹೊಸಬರು ಸಿಗುತ್ತಾರೆ ಬಿಡಿ ಎಂದ. ಮೂವರ ಮನೆಯಿಂದ ಹೊರಬಿದ್ದಾಗಲೂ ನನ್ನ ಹೆಗಲು ಅಷ್ಟಷ್ಟು ಹಗುರಾಯಿತು. ಇಷ್ಟು ಸುಲಭವಿತ್ತೆಂದು ಗೊತ್ತಿದ್ದರೆ ಎಂದೋ ಮಾಡುತ್ತಿದ್ದೆ.

ಆಪರೇಷನ್ನಿಗೆ ಮುಂಚಿನ ಎರಡು ವಾರ ಬರೀ ತೆಳ್ಳನೆಯದು ಕುಡಿಯಬೇಕು ಎಂದಿದ್ದರು. ಲಿವರು ಕುಗ್ಗಬೇಕಂತೆ. ಒಂದು ಪುಡಿಯ ಹಾಲು, ಬೇಳೆಯ ತಿಳಿ, ಮಜ್ಜಿಗೆ. ಮೂರು ಚೆಂಡುಗಳಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಉಸಿರೆಳೆದು ಚೆಂಡು ಮೇಲೇರಿಸಿ ಅಭ್ಯಾಸ ಮಾಡಲು ಹೇಳಿದ್ದರು. ನಾನು ಒಂದನ್ನು ಏರಿಸುವಷ್ಟರಲ್ಲಿ ಬೆವರುತ್ತಿದ್ದೆ. ತಿಳಿಯನ್ನು ಕುಡಿಯುವಾಗ ಅತ್ತೆಯ ಹೆಸರೊಂದನ್ನೇ ಹೇಳುತ್ತಿದ್ದೆ. ಅಷ್ಟೇ ಅವರಿಗೂ ಸಿಗುತ್ತಿದ್ದುದು. ಹೊಟ್ಟೆಯ ಮೇಲಿನ ಕೈಯನ್ನು ಅವರು ತೆಗೆಯುವುದನ್ನೇ ಬಿಟ್ಟರು. ಕೆನ್ನೆ ಇಳಿಯಿತು, ಬಳೆ ಮೊಣಕೈವರೆಗೆ ಜಾರತೊಡಗಿತು. ನಾನು ಅದನ್ನು ನೋಡುತ್ತ ಚೆಂಡು ಏರಿಸುತ್ತಿದ್ದೆ.

ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ ಅತ್ತೆಯ ಉಪ್ಪನ್ನು ಹಿಂತಿರುಗಿಸಲು ಹೋದೆ. ಅವರು ಒಲೆಯ ಮುಂದೆ ಕೂತಿದ್ದರು. ಅಂಗೈ ಚಾಚಲಿಲ್ಲ. ತುಂಬ ಹೊತ್ತು ನಿಂತು ನೋಡಿ, ಬಾಳೆಲೆಯ ಚೂರಿನಲ್ಲಿ ಉಪ್ಪನ್ನು ಇಟ್ಟು ಒಲೆಕಟ್ಟೆಯ ಮೇಲೆ ಬಿಟ್ಟು ಬಂದೆ. ತೆಗೆದುಕೊಳ್ಳದಿದ್ದರೂ ಕೈಬಿಟ್ಟ ಉಪ್ಪು ಕೈಬಿಟ್ಟ ಹಾಗೆಯೇ ಎಂದು ಡಾಕ್ಟರ್ ಹೇಳಿದ್ದರು. ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಆಪರೇಷನ್ ದಿನ ಹೊಟ್ಟೆ ಪೂರ್ತಿ ಖಾಲಿಯಿರಬೇಕು, ನಾನೂ ಉಣ್ಣಬಾರದು, ನನ್ನ ಹೆಸರಲ್ಲಿ ಯಾರೂ ಉಣ್ಣಬಾರದು, ಮಂಪರಿನಲ್ಲಿ ವಾಂತಿಯಾದರೆ ಜೀವಕ್ಕೆ ಅಪಾಯ ಎಂದು. ನನ್ನ ಗಂಡ ಅಕ್ಕಪಕ್ಕದವರಿಗೆ, ನನ್ನ ತವರಿಗೆ, ಅಂಗಡಿಗೆ ಬರುವ ಹೆಂಗಸರಿಗೆಲ್ಲ ಎಚ್ಚರಿಕೆ ಕೊಟ್ಟು ಬಂದರು. ಅತ್ತೆಗೆ ಮಾತ್ರ ಹೇಳಲಿಲ್ಲ. ಹನ್ನೆರಡು ವರ್ಷದಿಂದ ಬಾಯಿ ತೆರೆಯದವರಿಗೆ ಉಣ್ಣಬೇಡಿ ಎಂದು ಹೇಳುವುದು ಯಾರಿಗೆ ತಾನೇ ಹೊಳೆಯುತ್ತದೆ?

ಬೆಳಿಗ್ಗೆ ಹಸಿರು ಗೌನು ತೊಡಿಸಿ ನನ್ನನ್ನು ತಳ್ಳುಮಂಚದ ಮೇಲೆ ಮಲಗಿಸಿದ್ದರು. ಥಿಯೇಟರಿನ ಬಾಗಿಲು ಕಾಣುತ್ತಿತ್ತು. ಆಗ ಹೊಟ್ಟೆಯೊಳಗೆ ಏನೋ ಆಗತೊಡಗಿತು. ನೋವಲ್ಲ. ಮೊದಲು ಬೆಚ್ಚಗಾಯಿತು, ಆಮೇಲೆ ನಿಧಾನವಾಗಿ ಭಾರವಾಯಿತು, ಭಾರವಾದರೂ ಹಿತವಾಗಿತ್ತು. ಕಣ್ಣು ಎಳೆಯತೊಡಗಿತು. ಎದೆಯಿಂದ ಏನೋ ಮೇಲೆ ಬಂದು ಬಾಯಿಂದ ಶಬ್ದವಾಯಿತು. ನನಗೆ ಭಯವಾಯಿತು. ಹೃದಯಾಘಾತ ಹೀಗೇ ಶುರುವಾಗುತ್ತದೆಂದು ಕೇಳಿದ್ದೆ. ಸಿಸ್ಟರ್ ಜೆಸಿಂತಾಳ ಕೈ ಹಿಡಿದುಕೊಂಡು, ಏನೋ ಆಗುತ್ತಿದೆ, ಡಾಕ್ಟರನ್ನು ಕರೆಯಿರಿ ಎಂದೆ. ಆಕೆ ನಾಡಿ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ಬಗ್ಗಿ ನನ್ನ ಮುಖ ನೋಡಿದಳು.

"ಏನೂ ಆಗಿಲ್ಲ ಅಮ್ಮ. ತೇಗು ಬಂತು ಅಷ್ಟೇ. ಯಾರೋ ನಿಮ್ಮ ಹೆಸರಲ್ಲಿ ಉಂಡಿದ್ದಾರೆ. ಹೊಟ್ಟೆ ತುಂಬಿದೆ ನಿಮಗೆ."

ನನಗೆ ಅದು ಗುರುತೇ ಸಿಕ್ಕಿರಲಿಲ್ಲ. ಸಣ್ಣ ಹುಡುಗಿಯಾಗಿದ್ದಾಗ ಅಜ್ಜಿಯ ತೊಡೆಯ ಮೇಲೆ ಉಂಡು ನಿದ್ದೆ ಹೋಗುತ್ತಿದ್ದೆನಲ್ಲ, ಅದೇ ಇದು. ತಳ್ಳುಮಂಚದ ಮೇಲೆ ಮಲಗಿಕೊಂಡೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಸಿಸ್ಟರ್ ನನಗೆ ಹೆದರಿಕೆಯಾಗಿದೆಯೆಂದುಕೊಂಡು ಭುಜ ತಟ್ಟಿದಳು. ಡಾಕ್ಟರ್ ಪ್ರಫುಲ್ಲಾ ಬಂದು ಸಿಡಿಮಿಡಿಗೊಂಡರು, ಆಪರೇಷನ್ನನ್ನು ನಾಳಿದ್ದಿಗೆ ಮುಂದೂಡಿದರು. ಯಾರ ಕೆಲಸವಿದು ಎಂದು ನನ್ನ ಗಂಡನನ್ನು ವಿಚಾರಿಸಿದರು. ನಾನು ಯಾರಿಗೂ ಉಪ್ಪು ಕೊಟ್ಟವಳಲ್ಲ, ನನ್ನ ಹೆಸರು ಯಾರ ಬಳಿ ಇದ್ದೀತು? ನನ್ನ ಗಂಡ ತಲೆ ಕೆರೆದುಕೊಂಡು ಮನೆಗೆ ಓಡಿದರು.

ಅವರು ತಾಯಿಯನ್ನು ಕರೆದುಕೊಂಡೇ ವಾಪಸ್ ಬಂದರು. ಬೋರೇಶನನ್ನು ಕಳಿಸಿಕೊಟ್ಟ ಮೇಲೆ ಅತ್ತೆ ಹೊಸಿಲು ದಾಟಿ ಊರೊಳಗೆ ಬಂದದ್ದು ಅದೇ ಮೊದಲು. ಬೆರಳ ಸಂದಿಯಲ್ಲಿ ರಾಗಿ ಹಿಟ್ಟು ಒಣಗಿತ್ತು. ದವಡೆ ನೋವೆಂದು ಕೆನ್ನೆ ಹಿಡಿದುಕೊಂಡಿದ್ದರು. ನನ್ನ ಮಂಚದ ಪಕ್ಕ ಕೂತು, ಕುಯ್ದೇಬಿಟ್ಟರೇನೋ ಎಂದುಕೊಂಡಿದ್ದೆ ಎಂದರು. ನಾನು ಏನು ಮಾಡಿದಿರಿ ಅತ್ತೆ ಎಂದು ಕೇಳಿದೆ.

"ನೀನೇ ಅಲ್ವಾ ಒಲೆಕಟ್ಟೆ ಮೇಲೆ ಉಪ್ಪು ಇಟ್ಟು ಹೋದೋಳು? ಬಾಯಿ ಬಿಟ್ಟು ಕೇಳಕ್ಕೆ ನಾಚ್ಕೊಂಡು ಹೆಸ್ರು ಕೊಟ್ಟು ಹೋಗವಳೆ ಅಂದ್ಕೊಂಡೆ. ಹಸ್ಕೊಂಡು ಹೆಂಗವ್ವ ಕತ್ತಿ ಕೆಳಗೆ ಮಲಗೀಯ ನೀನು?"

ಹಿಂತಿರುಗಿಸಿದ ಉಪ್ಪೋ ಕೊಟ್ಟ ಉಪ್ಪೋ ಎಂದು ಉಪ್ಪಿಗೆ ಗೊತ್ತಾಗುವುದಿಲ್ಲ. ತೆಗೆದುಕೊಂಡವರು ಏನೆಂದುಕೊಂಡರೋ ಅದೇ. ಅವರು ನಸುಕಿನಲ್ಲೇ ಎದ್ದು ಒಲೆ ಹಚ್ಚಿ, ಮುದ್ದೆ ತಿರುವಿ, ಅವರೆಕಾಳಿನ ಸಾರು ಮಾಡಿ, ದೇವೀರಮ್ಮ ಎಂದು ನನ್ನ ಹೆಸರು ಹೇಳಿ ಉಂಡಿದ್ದರು. ಮೊದಲ ತುತ್ತು ಗಂಟಲಲ್ಲೇ ನಿಂತಿತಂತೆ. ಬೋರೇಶನ ಮುಖ ಎದುರಿಗೆ ಬಂತಂತೆ. ಇದು ನನ್ನ ಹೊಟ್ಟೆಗಲ್ಲ ಕಣಪ್ಪ, ನಿಮ್ಮತ್ತಿಗೆಗೆ ಎಂದು ಅವನಿಗೆ ಹೇಳಿ ನುಂಗಿದರಂತೆ. ಇಷ್ಟನ್ನು ಹೇಳಿ ಬೆರಳ ಸಂದಿಯ ಹಿಟ್ಟನ್ನು ಉಜ್ಜಿ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು.

"ಎರಡು ಮುದ್ದೆ ಉಂಡೆ ಕಣವ್ವ. ಹೊಟ್ಟೆ ಹಂಗೇ ಐತೆ. ಉಂಡಂಗೇ ಇಲ್ಲ. ನೀನು ಹನ್ನೆರಡು ವರ್ಷ ಹಿಂಗೇ ಉಂಡ್ಯಾ?"

ನಾನು ಹೂಂ ಎಂದೆ. ಅತ್ತೆ ಸೆರಗಿನ ತುದಿಯ ಗಂಟು ಬಿಚ್ಚಿದರು. ಆ ಉಪ್ಪನ್ನು ಅಲ್ಲಿ ಕಟ್ಟಿಕೊಂಡು ಬಂದಿದ್ದರು. ನನ್ನ ಅಂಗೈ ಬಿಡಿಸಿ, ನಿನ್ನ ಹೆಸರು ನಿನಗೇ ಎಂದು ಅದರಲ್ಲಿ ಹಾಕಿ ಬೆರಳು ಮುಚ್ಚಿದರು. ನನ್ನ ಹೊಟ್ಟೆಯನ್ನು ನಾನೇ ನೋಡಿಕೊಳ್ಳುತ್ತೇನೆ, ನೀನು ನಿನ್ನದನ್ನು ಸರಿಮಾಡಿಸಿಕೊಂಡು ಬಾ ಎಂದು ಎದ್ದು ಹೋದರು. ಡಾಕ್ಟರು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಬೈಯಬೇಕೆಂದುಕೊಂಡು ಬಂದಿದ್ದ ಮಾತು ಮರೆತುಹೋಯಿತೆಂದು ಕಾಣುತ್ತದೆ.

ಆಪರೇಷನ್ನಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ, ನಾನು ನಿದ್ದೆಯಲ್ಲಿದ್ದೆ. ಹೊಟ್ಟೆಯ ಮೇಲೆ ಅಂಗಿಯ ಗುಂಡಿ ತೂರಿಸುವ ಕಾಜಾದಷ್ಟೇ ಉದ್ದದ ಐದು ಗಾಯ, ಅಷ್ಟೇ. ನೋವೆಲ್ಲ ಬಲಭುಜದಲ್ಲಿತ್ತು. ಒಳಗೆ ತುಂಬಿದ ಗಾಳಿ ಅಲ್ಲಿಗೆ ಹೋಗಿ ಕೂರುತ್ತದಂತೆ. ಸಂಜೆಯೇ ಎಬ್ಬಿಸಿ ನಡೆಸಿದರು. ಗೋಡೆ ಹಿಡಿದುಕೊಂಡು ಸಿಸ್ಟರ್ ಜೆಸಿಂತಾಳನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತ ವರಾಂಡದ ಕೊನೆ ಮುಟ್ಟಿ ಬಂದೆ. ಔಷಧಿ ಬಾಟಲಿಯ ಮುಚ್ಚಳದಲ್ಲಿ ನೀರು ಕೊಡುತ್ತಿದ್ದರು, ಅದನ್ನು ಗುಟುಕರಿಸಲು ಅರ್ಧ ಗಂಟೆ ಬೇಕಿತ್ತು. ಹಿಂದೆ ಅಷ್ಟು ಹೊತ್ತಿನಲ್ಲಿ ನಾನು ತನುಜಾಳ ಊಟ ಮುಗಿಸಿ ಮೇಷ್ಟ್ರ ಊಟಕ್ಕೆ ಕೈ ಹಾಕಿರುತ್ತಿದ್ದೆ. ನನ್ನ ಗಂಡ ದಿನವೂ ಬಂದು ಅಮ್ಮ ಉಣ್ಣುತ್ತಿದ್ದಾರೆ ಎನ್ನುತ್ತಿದ್ದರು. ಮೊದಲ ದಿನ ವಾಂತಿಯಾಯಿತಂತೆ, ಆಮೇಲೆ ಮೊಸರನ್ನ ಇಳಿಯಿತಂತೆ. ನಾನು ನಂಬಲಿಲ್ಲ. ಅವರು ಒಳ್ಳೆಯ ಮನುಷ್ಯ, ನನ್ನ ನೆಮ್ಮದಿಗೆಂದು ಸುಳ್ಳು ಹೇಳುವಷ್ಟು ಒಳ್ಳೆಯವರು.

ಇದೆಲ್ಲ ಆಗಿ ಈಗ ವರ್ಷವಾಗುತ್ತ ಬಂತು. ಕೂದಲು ಉದುರಿತು, ಮತ್ತೆ ಬಂತು. ನನ್ನ ಬ್ಲೌಸುಗಳಿಗೆ ನಾನೇ ಮೂರು ಸಲ ಹೊಲಿಗೆ ಹಿಡಿದೆ. ಚಕ್ಕಂಬಕ್ಕಲ ಹಾಕಿ ನೆಲದ ಮೇಲೆ ಕೂರುತ್ತೇನೆ, ಮೂರು ಚೆಂಡನ್ನೂ ಒಟ್ಟಿಗೆ ಏರಿಸುತ್ತೇನೆ, ನನ್ನ ಗಂಡ ಮಲಗಿ ಗೊರಕೆ ಹೊಡೆಯುತ್ತಾರೆ. ಊರಿನ ಕೆಲವರು ಈಗ ನನ್ನನ್ನು ಕಂಡು ಚಪ್ಪಲಿ ಬಿಡುವುದಿಲ್ಲ, ಆಟೋದವರು ತಾವಾಗಿ ನಿಲ್ಲಿಸುತ್ತಾರೆ. ಎರಡರಲ್ಲಿ ಯಾವುದು ಮೇಲೆಂದು ಯಾರಾದರೂ ಕೇಳಿದರೆ ನಾನು ಆಟೋ ಹತ್ತಿ ಹೋಗುತ್ತೇನೆ. ಆದರೆ ನಾನು ಹೇಳಬೇಕೆಂದಿದ್ದುದು ಆಸ್ಪತ್ರೆಯಿಂದ ಮನೆಗೆ ಬಂದ ದಿನದ ಮಾತು.

ಒಳಗೆ ಬರುತ್ತಿದ್ದ ಹಾಗೆಯೇ ನನ್ನ ಕಣ್ಣು ಅತ್ತೆಯ ಬಳೆ ಹುಡುಕಿತು. ಬಳೆ ಮೊಣಕೈಗೆ ಜಾರಿರಲಿಲ್ಲ, ಮಣಿಕಟ್ಟಿನ ಮೇಲೇ ಇತ್ತೋ ಅಥವಾ ಕೈ ಇಳಿಬಿಟ್ಟಿದ್ದರಿಂದ ಹಾಗೆ ಕಂಡಿತೋ ಗೊತ್ತಾಗಲಿಲ್ಲ. ಅವರು ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು. ತಾವು ಹನ್ನೆರಡು ವರ್ಷ ಕೂತಿದ್ದ ಜಾಗ ಅದು. ಟ್ರಂಕಿನಿಂದ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಿದ ಒಳಲೆಯನ್ನು ತಂದರು. ನನ್ನ ಗಂಡನಿಗೂ ಬೋರೇಶನಿಗೂ ಹಸುಗೂಸುಗಳಾಗಿದ್ದಾಗ ಹಾಲು ಕುಡಿಸಿದ ಒಳಲೆ. ಅದರ ತುಂಬ ರಾಗಿಯ ತಿಳಿ ಗಂಜಿ ಇತ್ತು. ಡಾಕ್ಟರು ಹೇಳಿದ ಅಳತೆ ಸರಿಯಾಗಿ ಇಷ್ಟೇ ಕಣವ್ವ ಎಂದರು. ನನ್ನ ಕೈಯಲ್ಲಿ ಯಾರ ಉಪ್ಪೂ ಇರಲಿಲ್ಲ. ರೂಢಿಯಂತೆ ಹೆಸರು ಹೇಳಲು ಬಾಯಿ ತೆರೆದೆ, ಹೇಳಲು ಯಾವ ಹೆಸರೂ ಇರಲಿಲ್ಲ. ಮಕ್ಕಳು ಕುಡಿಯುವ ಹಾಗೆ ಸುಮ್ಮನೆ ಕುಡಿದೆ.

ಗುಟುಕು ಗುಟುಕಾಗಿ ಅರ್ಧ ಇಳಿಯಿತು. ಆಮೇಲೆ ಅದೇ ಬಿಸುಪು ಬಂತು, ಅದೇ ಹಿತವಾದ ಭಾರ. ಈ ಸಲ ನಾನು ಹೆದರಲಿಲ್ಲ. ಒಳಲೆಯನ್ನು ಕೆಳಗಿಟ್ಟು ಅತ್ತೆಯ ಕಡೆ ನೋಡಿದೆ. ಅವರು ನನ್ನ ಎದುರಿಗೆ ಕೂತು, ಎಷ್ಟೋ ವರ್ಷಗಳ ಅಭ್ಯಾಸದಂತೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದರು. ತಾವು ಕಾಯುತ್ತಿರುವುದು ಅವರಿಗೇ ಆಗ ಗೊತ್ತಾಯಿತು. ಕೈಯನ್ನು ನೋಡಿಕೊಂಡರು.

"ನನಗೇನೂ ಬರ್ಲಿಲ್ಲ ಕಣೇ. ಎಲ್ಲಾ ನಿನಗೇ ಆಯ್ತಾ?"

"ಎಲ್ಲಾ ನನಗೇ ಆಯ್ತು ಅತ್ತೆ," ಎಂದೆ.

ಅವರು ಕೈ ತೆಗೆದರು. ಒಲೆಯ ಕಡೆಗೊಮ್ಮೆ ನೋಡಿ, ಯಾರೋ ಕೇಳಿಸಿಕೊಂಡಾರೆಂಬಂತೆ ಸಣ್ಣ ದನಿಯಲ್ಲಿ, ಹಂಗಾದ್ರೆ ನಂಗೆ ಹಸಿವಾಗ್ತೈತೆ ಎಂದರು. ನನ್ನ ಗಂಡ ಸುಳ್ಳು ಹೇಳಿರಲಿಲ್ಲ. ನಾನು ಗೋಡೆ ಹಿಡಿದು ಎದ್ದೆ, ಅವರು ಬೇಡ ಬೇಡ ಎಂದರೂ ತಟ್ಟೆಗೆ ಮುದ್ದೆ ಇಟ್ಟು, ಪಕ್ಕಕ್ಕೆ ಸಾರು ಬಿಟ್ಟು ಅವರ ಮುಂದೆ ಇಟ್ಟೆ. ಅವರು ಉಂಡು ಮುಗಿಸುವವರೆಗೂ ತಟ್ಟೆಯ ಮುಂದಿನಿಂದ ಏಳದಿರಲೆಂದು ಅಲ್ಲೇ ಕೂತಿದ್ದೆ.